ಕವಳಿ ಕಂಟಿ ನೋಡಲು ಲಂಡನ್ನಿಗೆ

ಕಂಪ್ಲಿ

ಲಂಡನ್ನಿಗೆ ಹೋಗುವವರು ರಾಣಿಯ ಅರಮನೆ ನೋಡಲು ಹೋಗುತ್ತಾರೆ, ದೊಡ್ಡ ಗಡಿಯಾರ ನೋಡಲು ಹೋಗುತ್ತಾರೆ, ಇಲ್ಲವೇ ಮಗಳ ಬಾಣಂತನಕ್ಕೆ ಹೋಗುತ್ತಾರೆ. ನಾನು ಹೋದದ್ದು ಒಂದು ಕವಳಿ ಕಂಟಿ ನೋಡಲು. ಸಂಡೂರು ಗುಡ್ಡದಲ್ಲಿ ಕುರಿ ಕಾಯುವವರನ್ನು ಕೇಳಿದರೆ ಪುಕ್ಕಟೆ ತೋರಿಸುವ, ಸಣ್ಣ ಕಪ್ಪು ಹಣ್ಣು ಬಿಡುವ ಮುಳ್ಳುಗಿಡ ಅದು. ಈ ಸುದ್ದಿ ಕಂಪ್ಲಿಯಲ್ಲಿ ಹಬ್ಬಿದಾಗ ನಮ್ಮ ಮನೆಯವರ ರೈಸ್ ಮಿಲ್ಲಿಗೆ ಭತ್ತ ತಂದವರೆಲ್ಲ ಅವರನ್ನು ಕನಿಕರದಿಂದ ನೋಡಿದರಂತೆ. ಪಕ್ಕದ ಮೆಟ್ರಿ ಊರಿನ ರೈತರೊಬ್ಬರು, "ಸಾವ್ಕಾರ್ರ, ಅಮ್ಮಾರಿಗೆ ಕವಳಿ ಬೇಕಿದ್ರ ನಮಗ ಒಂದು ಮಾತು ಹೇಳಬಾರದೇನ್ರಿ? ಬುಟ್ಟಿ ತುಂಬ ತಂದು ಕೊಡತಿದ್ವಿ" ಎಂದರಂತೆ.

ನಾನು ಹೊಸಪೇಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ದಿನಾ ಕಂಪ್ಲಿಯಿಂದ ಬಸ್ಸು. ಕಮಲಾಪುರದಲ್ಲಿ ಹಂಪಿ ನೋಡಲು ಬಂದ ಬಿಳಿಯರು ಹತ್ತುತ್ತಿದ್ದರು. ಕೆಲವರ ಕಾಲಲ್ಲಿ ಚಪ್ಪಲಿ ಇರುತ್ತಿರಲಿಲ್ಲ, ಹೆಗಲ ಮೇಲೆ ಮಾತ್ರ ಮನೆಯಷ್ಟು ದೊಡ್ಡ ಚೀಲ. ಅವರು ಅಷ್ಟು ದೂರದಿಂದ ನಮ್ಮ ಕಲ್ಲು ನೋಡಲು ಬರಬಹುದಾದರೆ ನಾನು ನಮ್ಮ ಮುಳ್ಳು ನೋಡಲು ಅವರ ಊರಿಗೆ ಹೋಗುವುದರಲ್ಲಿ ತಪ್ಪೇನು ಎಂದು ನನಗೆ ನಾನೇ ಹೇಳಿಕೊಂಡೆ.

ಹೋಗಬೇಕಾಗಿ ಬಂದದ್ದು ನಮ್ಮ ಅತ್ತೆಯಿಂದ. ಅತ್ತೆ ಗಂಗವ್ವನವರ ತವರು ಬಸಿರಿಹಾಳ. ತುಂಗಭದ್ರೆಯ ಟಿ.ಬಿ. ಡ್ಯಾಮಿಗೆ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಆ ನೀರೇ ಕಾಲುವೆಯಲ್ಲಿ ಹರಿದು ಬಂದು ಕಂಪ್ಲಿಯ ಸುತ್ತ ಭತ್ತವಾಯಿತು, ನಮ್ಮ ಮಿಲ್ಲಾಯಿತು, ಮನೆಗೆ ಎರಡನೇ ಅಂತಸ್ತಾಯಿತು. ಅತ್ತೆ ಮಾತ್ರ ಕಾಲುವೆ ತುಂಬಿ ಹರಿಯುವುದನ್ನು ಕಂಡಾಗಲೆಲ್ಲ, "ನಮ್ಮೂರ ಮ್ಯಾಲಿಂದ ಬಂದೈತಿ, ನೋಡು, ಎಷ್ಟು ಸೊಕ್ಕು" ಎನ್ನುತ್ತಿದ್ದರು. ತವರಿನ ಬಗ್ಗೆ ಅವರು ಹೇಳುವ ಮಾತುಗಳಲ್ಲಿ ಒಂದು ಇದು: ಬಸಿರಿಹಾಳದ ಹಿಂದಿನ ಮರಡಿ ಗುಡ್ಡದ ಕವಳಿಗೆ ಮುಳ್ಳೇ ಇರಲಿಲ್ಲ.

ಎಲ್ಲರೂ ನಕ್ಕು ಬಿಡುತ್ತಿದ್ದರು. ತವರುಮನೆಯ ಹಾಲು ಕೆನೆಗಟ್ಟುವುದು ಹೆಚ್ಚು, ತವರುಮನೆಯ ಎಮ್ಮೆ ಒದೆಯುವುದಿಲ್ಲ, ಇದೂ ಹಾಗೇ ಎಂದು. ನಾನು ನಗಲಿಲ್ಲ. ಮುಳ್ಳಿಲ್ಲದ ಕವಳಿ ಅಪರೂಪಕ್ಕೆ ಎಲ್ಲೋ ಹುಟ್ಟುವುದುಂಟು. ನಮ್ಮ ಸೀಮೆಯ ಕಂಟಿಗಳ ಮೇಲೆ ನಾನು ಪ್ರಬಂಧ ಬರೆಯುತ್ತಿದ್ದೆ. ಆ ಊರಿನ ಇನ್ನಿಬ್ಬರು ಮುದುಕಿಯರನ್ನು ವಿಚಾರಿಸಿದೆ. "ಹೌದವ್ವಾ, ಭಾಳ ಸಿಹಿ" ಎಂದು ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಕೊಟ್ಟರು. ನಾನು ಅದನ್ನೂ ಸಾಕ್ಷಿ ಎಂದುಕೊಂಡು, ಬಸಿರಿಹಾಳದಲ್ಲಿ ಮುಳ್ಳಿಲ್ಲದ ಕವಳಿಯ ತಳಿಯೊಂದಿತ್ತು, ಡ್ಯಾಮಿನ ನೀರಿನಲ್ಲಿ ಅಳಿದುಹೋಯಿತು ಎಂದು ಒಂದು ಇಡೀ ಅಧ್ಯಾಯ ಬರೆದುಬಿಟ್ಟೆ. ಬರೆಯುವಾಗ ನನಗೇ ಕಣ್ಣಲ್ಲಿ ನೀರು ಬಂದಿತ್ತು.

ಧಾರವಾಡದ ನನ್ನ ಮಾರ್ಗದರ್ಶಕರಿಗೆ ಬರಲಿಲ್ಲ. "ಕೂಸು ಹುಟ್ಟೂಕಿಂತ ಮುಂಚೆ ಕುಲಾವಿ ಹೊಲಿಸೀರಲ್ರಿ. ಅತ್ತಿಯವರ ಮಾತು ಮನಿಯಾಗ ನಡೀತೈತಿ, ಪ್ರಬಂಧದಾಗ ನಡೆಯಂಗಿಲ್ಲ" ಎಂದರು. ಬ್ರಿಟಿಷರ ಕಾಲದಲ್ಲಿ ಗಿಡ ಕೂಡಿಸುವ ಹುಚ್ಚಿನ ಅಧಿಕಾರಿಯೊಬ್ಬ ಬಸಿರಿಹಾಳದಿಂದ ಕವಳಿ ಟೊಂಗೆಯೊಂದನ್ನು ಒಯ್ದಿದ್ದನೆಂದು ಹಳೆಯ ಪುಸ್ತಕದಲ್ಲಿ ಒಂದು ಸಾಲಿತ್ತು. ಆ ಟೊಂಗೆ ಲಂಡನ್ನಿನ ಅಂಚಿನ ಒಂದು ಭಂಡಾರದಲ್ಲಿತ್ತು. ಲೋಕದ ಗಿಡಗಳನ್ನೆಲ್ಲ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಯಾರು ಎಲ್ಲಿ ಕಿತ್ತರೆಂದು ಚೀಟಿ ಹಚ್ಚಿ ಬೀರುವಿನಲ್ಲಿಡುವ ಜಾಗ. ಪತ್ರ ಬರೆದರೆ, ಹಾಳೆ ಶಿಥಿಲವಾಗಿದೆ, ಅಂಚೆಯಲ್ಲಿ ಕಳಿಸಲಾಗದು, ಸುಮ್ಮನೆ ತೆರೆಯುವಂತೆಯೂ ಇಲ್ಲ, ಬಂದು ನೋಡಿ ಎಂಬ ಉತ್ತರ ಬಂತು. "ಹೋಗಿ ನೋಡ್ರಿ. ಮುಳ್ಳಿಲ್ಲಂದ್ರ ಅಧ್ಯಾಯ ಇರ್ಲಿ. ಇದ್ರ ಹರದು ಒಗೀರಿ" ಎಂದರು ಮಾರ್ಗದರ್ಶಕರು. ಹೇಗೋ ಒಂದು ವಿದ್ಯಾರ್ಥಿವೇತನ ಕೂಡಿ ಬಂತು.

ಹೊರಡುವ ಹಿಂದಿನ ವಾರವೆಲ್ಲ ಅತ್ತೆ ರೊಟ್ಟಿ ಬಡಿದರು. ಅಕ್ಕಿ ಮಿಲ್ಲಿನ ಮನೆಯಾದರೂ ದೂರದ ಪ್ರಯಾಣಕ್ಕೆ ಜೋಳದ ಕಡಕ್ ರೊಟ್ಟಿಯೇ ಆಗಬೇಕು. ಪಕ್ಕದಲ್ಲೇ ನಾನು ಸಂಡೂರು ಗುಡ್ಡದ ಕವಳಿ ಟೊಂಗೆಗಳನ್ನು ಕಟ್ಟುತ್ತಿದ್ದೆ: ಒತ್ತಿ ಒಣಗಿಸಿದ ಟೊಂಗೆ, ಹಳೆಯ ಪೇಪರಿನ ಪದರ, ಮೇಲೂ ಕೆಳಗೂ ರಟ್ಟು, ಸುತ್ತ ಸುತಳಿ. ಅತ್ತೆ ಅದನ್ನೇ ನೋಡುತ್ತಿದ್ದು, "ಸರೋಜಾ, ಈ ರೊಟ್ಟೀನೂ ಹಂಗ ಕಟ್ಟು. ಒಂದೂ ಮುರಿಯಂಗಿಲ್ಲ" ಎಂದರು. ಒಳ್ಳೆಯ ಸಲಹೆ ಅನ್ನಿಸಿತು. ಕಟ್ಟಿದೆ.

"ಹೋಗು, ನೋಡಿ ಬಾ," ಎಂದರು ಅತ್ತೆ, ಹೊಸಪೇಟೆ ಸ್ಟೇಷನ್ನಿನಲ್ಲಿ. "ಇಷ್ಟು ವರ್ಷ ಎಲ್ಲಾರೂ ನಕ್ಕೀರಿ. ಆ ಬಿಳಿಯರ ಮುಂದರೆ ನನ್ನ ಮಾತು ಖರೇ ಆಗ್ಲಿ."

ವಿಮಾನದಿಂದ ಇಳಿದ ಮೇಲೆ

ವಿಮಾನದ ವಿಷಯ ಬರೆಯಲು ಏನೂ ಇಲ್ಲ. ಕಿಟಕಿಯ ಹತ್ತಿರ ಕೂತವರು ನಿದ್ದೆ ಮಾಡಿದರು, ನಡುವೆ ಕೂತ ನಾನು ಅವರ ಮೂಗು ನೋಡಿದೆ.

ಇಳಿದ ಮೇಲೆ ಸುಂಕದವನೊಬ್ಬ ನನ್ನ ಒಂದು ಕಟ್ಟು ಬಿಚ್ಚಿಸಿದ. ಗಿಡದ್ದಕ್ಕೆ ಬೇಕಾದ ಕಾಗದಗಳೆಲ್ಲ ನನ್ನ ಬಳಿ ಇದ್ದವು, ಆದರೆ ಅವನು ಬಿಚ್ಚಿಸಿದ್ದು ರೊಟ್ಟಿಯದನ್ನು. ಇದೇನೆಂದು ಕೇಳಿದ. ಬ್ರೆಡ್ ಎಂದೆ. ಅವನು ಬೆರಳ ಗೆಣ್ಣಿನಿಂದ ಅದನ್ನು ಎರಡು ಸಲ ಕುಟ್ಟಿ, ಸದ್ದು ಕೇಳಿ, ನನ್ನ ಮುಖ ನೋಡಿದ. ಇದನ್ನು ಹೇಗೆ ತಿನ್ನುತ್ತೀರಿ ಎಂದ. ಹಲ್ಲಿನಿಂದ ಎಂದೆ. ಅವನು ಬಲು ಗೌರವದಿಂದ ಮತ್ತೆ ಕಟ್ಟಿ ಕೊಟ್ಟ. ರಟ್ಟು, ಸುತಳಿ, ಗಂಟು ಎಲ್ಲ ಮೊದಲಿನಂತೆಯೇ.

ನಾನು ಇಳಿದುಕೊಂಡದ್ದು ಮಿಸೆಸ್ ಡಾಸನ್ ಎಂಬ ವಿಧವೆಯ ಮನೆಯಲ್ಲಿ, ಮಹಡಿಯ ಮೇಲಿನ ಕೋಣೆ. ಆಕೆ ಒಳ್ಳೆಯವರು. ಆಕೆಯ ಅಡುಗೆಯನ್ನು ಕುರಿತು ನಾನು ಹೇಳಬಹುದಾದದ್ದು ಇಷ್ಟೇ: ಬಟಾಟೆ ಬೆಂದಿರುತ್ತಿತ್ತು. ಕೋಸೂ ಬೆಂದಿರುತ್ತಿತ್ತು. ಎರಡಕ್ಕೂ ಬೇಯುವುದರ ಹೊರತು ಬೇರೇನೂ ಆಗಿರುತ್ತಿರಲಿಲ್ಲ. ಆದರೆ ನನ್ನ ಬಳಿ ರೊಟ್ಟಿ ಇತ್ತಲ್ಲ, ಶೇಂಗಾ ಚಟ್ನಿಪುಡಿ ಇತ್ತಲ್ಲ, ಹೆದರಿಕೆಯೇನೂ ಇರಲಿಲ್ಲ.

ಭಂಡಾರ

ಮರುದಿನ ಬೆಳಿಗ್ಗೆ ಕಟ್ಟು ಹಿಡಿದುಕೊಂಡು ಭಂಡಾರಕ್ಕೆ ಹೋದೆ. ದೊಡ್ಡ ಕಟ್ಟಡ, ಮರದ ಬೀರುಗಳು, ಮಾಳಿಗೆಯ ಮೇಲೆ ಮಾಳಿಗೆ. ನಮ್ಮಲ್ಲಿ ಗಿಡ ಒಣಗಿದರೆ ಒಲೆಗೆ ಹೋಗುತ್ತದೆ. ಇಲ್ಲಿ ಒಣಗಿದ ಮೇಲೆಯೇ ಅದಕ್ಕೆ ಬೀರು, ಬೀಗ, ಸಂಬಳದ ಕಾವಲುಗಾರರು.

ನನ್ನನ್ನು ಎದುರುಗೊಂಡವರು ಪೀಟರ್ಸನ್ ಸಾಹೇಬರು, ಭಾರತದ ಗಿಡಗಳ ಬೀರುಗಳನ್ನು ನೋಡಿಕೊಳ್ಳುವವರು. ಎತ್ತರದ ಮನುಷ್ಯ, ಮೆಲುಮಾತು, ನಿಯಮ ಹೇಳುವಾಗ ಕ್ಷಮೆ ಕೇಳುತ್ತಲೇ ಹೇಳುವವರು. ಹೊರಗಿನಿಂದ ಬಂದ ಯಾವ ಕಟ್ಟೂ ಮೊದಲು ಹಿಮಪೆಟ್ಟಿಗೆಯಲ್ಲಿ ಕೆಲವು ದಿನ ಇರಬೇಕು, ಒಳಗಿನ ಹುಳ, ಮೊಟ್ಟೆ ಎಲ್ಲ ಸಾಯಬೇಕು, ಆಮೇಲೆಯೇ ಭಂಡಾರದೊಳಗೆ ಪ್ರವೇಶ ಎಂದರು. ನಮ್ಮಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ನಿಲ್ಲಿಸುತ್ತಾರೆ, ಆದರೆ ಇಷ್ಟು ಹೊತ್ತಲ್ಲ. ಬಸಿರಿಹಾಳದ ಹಾಳೆಯೂ ಅಲ್ಲಿಯವರೆಗೆ ಸಿಗದು. ಅದು ಮುಟ್ಟಿದರೆ ಉದುರುವಷ್ಟು ಹಳತು, ಪದೇ ಪದೇ ಹೊರಗೆ ತೆಗೆಯುವುದಿಲ್ಲ, ನಿಮ್ಮ ಗಿಡ ಹೊರಬಂದ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ಒಮ್ಮೆಗೇ ನೋಡಿಬಿಡಿ ಎಂದರು. ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಕವಳಿಯ ಲ್ಯಾಟಿನ್ ಹೆಸರು, ನಮ್ಮ ಜಿಲ್ಲೆಯ ಹೆಸರು ಬರೆದ ಚೀಟಿ ಹಚ್ಚಿ, ನನ್ನ ಕಣ್ಣೆದುರಿಗೇ ಪೆಟ್ಟಿಗೆಯೊಳಗೆ ಇಳಿಸಿದರು.

ಸಂಜೆ ಹಸಿದು ಕೋಣೆಗೆ ಬಂದೆ. ಮಿಸೆಸ್ ಡಾಸನ್ನರ ಕೋಸಿಗೆ ನಯವಾಗಿ ಬೇಡವೆಂದು, ತಟ್ಟೆಗೆ ಚಟ್ನಿಪುಡಿ ಹಾಕಿಕೊಂಡು, ಉಳಿದ ಕಟ್ಟನ್ನು ಬಿಚ್ಚಿ ಪೇಪರಿನ ನಡುವೆ ಕೈ ಹಾಕಿದೆ. ಚುಚ್ಚಿತು.

ಸಂಡೂರಿನ ಕವಳಿ ಮುಳ್ಳು. ಭಂಡಾರದ ಹಿಮಪೆಟ್ಟಿಗೆಯಲ್ಲಿ ಲ್ಯಾಟಿನ್ ಹೆಸರು ಹೊತ್ತು ಮಲಗಿದ್ದು ಅತ್ತೆಯ ರೊಟ್ಟಿ. ಬೆರಳು ಬಾಯಲ್ಲಿಟ್ಟುಕೊಂಡು ಮಂಚದ ಮೇಲೆ ಕೂತೆ. ಆಮೇಲೆ ಕೆಳಗಿಳಿದು ಹೋಗಿ ಕೋಸು ಇನ್ನೂ ಇದೆಯೇ ಎಂದು ಕೇಳಿದೆ.

ಮರುದಿನ ಪೀಟರ್ಸನ್ ಸಾಹೇಬರಿಗೆ ವಿಷಯ ಹೇಳುವುದು ಸುಲಭವಿರಲಿಲ್ಲ. ಅವರು ನಗಲಿಲ್ಲ, ಗಂಭೀರವಾಗಿ ಕೇಳಿಸಿಕೊಂಡರು. ನಡುವೆ ಪೆಟ್ಟಿಗೆ ತೆರೆದರೆ ಒಳಗಿರುವ ಬೇರೆಯವರ ಗಿಡಗಳ ತಂಪು ಕೆಡುತ್ತದೆ, ಹಾಗಾಗಿ ರೊಟ್ಟಿ ತನ್ನ ಅವಧಿ ಪೂರೈಸಲೇಬೇಕು ಎಂದರು. ಅದು ಹೊರಬಂದಾಗ ನನ್ನ ಗಿಡ ಒಳಗೆ. ಅಂದರೆ ಕಾಯುವುದು ಎರಡು ಪಟ್ಟು. ಅತ್ತೆಯ ಮಾತು ಸುಳ್ಳೋ ಖರೆಯೋ ಎಂದು ತಿಳಿಯಲು ಬಂದವಳು ಅತ್ತೆಯ ರೊಟ್ಟಿಯಿಂದಲೇ ಸಿಕ್ಕಿಬಿದ್ದೆ.

ಥೇಮ್ಸ್ ದಂಡೆ

ಕಾಯುವ ದಿನಗಳಲ್ಲಿ ಊರು ತಿರುಗಿದೆ. ಅಲ್ಲಿಯ ಜನ ಕಾಲು ತುಳಿದರೂ ಕ್ಷಮೆ ಕೇಳುತ್ತಾರೆ, ತುಳಿಸಿಕೊಂಡರೂ ಕ್ಷಮೆ ಕೇಳುತ್ತಾರೆ. ಒಬ್ಬ ನಿಂತರೂ ಅದು ಸಾಲು. ಬಸ್ ನಿಲ್ದಾಣದಲ್ಲಿ ನಾನೊಬ್ಬಳೇ ನಿಂತಿದ್ದಾಗ ಮುದುಕರೊಬ್ಬರು ಬಂದು, ಸಾಲಿನಲ್ಲಿ ನೀವೇ ಕಡೆಯವರೇ ಎಂದು ಕೇಳಿದರು. ಮೊದಲಿನವಳೂ ನಾನೇ ಎಂದೆ. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿದು ಬೆಳೆದ ನನಗೆ ಇದೆಲ್ಲ ಪುರಾಣ ಕೇಳಿದ ಹಾಗಿತ್ತು.

ಥೇಮ್ಸ್ ನದಿಯನ್ನು ನೋಡಿ ನಿರಾಶೆಯಾಯಿತು. ನಮ್ಮ ಬಲದಂಡೆ ಕಾಲುವೆಯ ಅಕ್ಕ ಅನ್ನಬಹುದು, ಅಷ್ಟೇ. ಆದರೆ ಅದರಲ್ಲಿ ಯಾರೂ ಎಮ್ಮೆ ಮೈ ತೊಳೆಯುತ್ತಿರಲಿಲ್ಲ, ಬಟ್ಟೆ ಒಗೆಯುತ್ತಿರಲಿಲ್ಲ. ಇಷ್ಟು ನೀರು ಬರೀ ನೋಡುವುದಕ್ಕೆ ಇಟ್ಟುಕೊಂಡಿದ್ದಾರಲ್ಲ ಎನ್ನಿಸಿತು.

ಒಂದು ಭಾನುವಾರ ಮಿಸೆಸ್ ಡಾಸನ್ ನನ್ನನ್ನು ನದಿ ದಂಡೆಗೆ ಕರೆದೊಯ್ದರು, ಕಪ್ಪು ಹಣ್ಣು ಬಿಡಿಸಲು. ಬ್ಲ್ಯಾಕ್‌ಬೆರಿ ಎನ್ನುತ್ತಾರೆ. ಯಾರೂ ನೆಡದ, ಯಾರದೂ ಅಲ್ಲದ ಮುಳ್ಳುಕಂಟಿ. ಜನ ಡಬ್ಬಿ ಹಿಡಿದು ಮುಗಿಬಿದ್ದಿದ್ದರು. ಅಲ್ಲಿ ಮಾತ್ರ ಸಾಲಿರಲಿಲ್ಲ, ಅದು ಕಂಡು ನನಗೆ ಸಮಾಧಾನವಾಯಿತು. ನಾನು ಸೆರಗು ಸಿಕ್ಕಿಸಿ ಒಳಗೆ ನುಗ್ಗಿದೆ. ಸಂಡೂರು ಗುಡ್ಡದಲ್ಲಿ ಪಳಗಿದ ಕೈ, ಆಕೆಗಿಂತ ಬೇಗ ಡಬ್ಬಿ ತುಂಬಿಸಿದೆ. ಮಿಸೆಸ್ ಡಾಸನ್ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ತಲೆಯಾಡಿಸಿದರು. ಪರವಾಗಿಲ್ಲ, ಆದರೆ ನಾನು ಹುಟ್ಟಿದ ಊರಿನ ಹಣ್ಣಿನ ಮುಂದೆ ಇದೇನೂ ಅಲ್ಲ, ಅಲ್ಲಿಯವು ಹೆಬ್ಬೆಟ್ಟಿನಷ್ಟು ದಪ್ಪ, ಬೀಜವೇ ಇರುತ್ತಿರಲಿಲ್ಲ ಎಂದರು. ಬ್ಲ್ಯಾಕ್‌ಬೆರಿ ಎಂದರೆ ಬೀಜದ ಮುದ್ದೆ. ಬೀಜವಿಲ್ಲದೆ ಅದಕ್ಕೆ ಆಕಾರವೇ ಬರದು. ನಾನು ಸಸ್ಯಶಾಸ್ತ್ರ ಕಲಿಸುವವಳೆಂದು ಆಕೆಗೆ ಗೊತ್ತಿದ್ದೂ ಮುಖಕ್ಕೆ ಮುಖ ಕೊಟ್ಟು ಹೇಳಿದರು. ನಾನು ಹೌದೆಂದೆ. ಆದರೆ ಆ ರಾತ್ರಿ ಮೊದಲ ಬಾರಿಗೆ ನನ್ನ ಅಧ್ಯಾಯದ ಬಗ್ಗೆ ಹೆದರಿಕೆ ಹುಟ್ಟಿತು.

ಹಿತ್ತಲ ಬೆಂಚು

ರೊಟ್ಟಿ ಹೊರಬಂದ ದಿನ ಪೀಟರ್ಸನ್ ಸಾಹೇಬರು ನನ್ನನ್ನು ಕರೆಸಿದರು. ಕೈಗೆ ಗವಸು ಹಾಕಿಕೊಂಡು, ಸುತಳಿ ಬಿಚ್ಚಿ, ಮೇಲಿನ ರಟ್ಟು ತೆಗೆದು, ಪೇಪರು ಸರಿಸಿದರು. ಮೊದಲ ರೊಟ್ಟಿಯನ್ನು ಎರಡು ಅಂಗೈ ಮೇಲೆ ಎತ್ತಿ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಅತ್ತೆಯ ಬೆರಳ ಗುರುತುಗಳಿದ್ದವು. ಒಂದೂ ಮುರಿದಿಲ್ಲ, ಒತ್ತುವ ಕೆಲಸ ಬಲು ಚೆನ್ನಾಗಿ ಆಗಿದೆ ಎಂದು ಮೆಚ್ಚಿದರು.

ಭಂಡಾರದೊಳಗೆ ತಿನ್ನುವ ಹಾಗಿಲ್ಲ. ಹಿತ್ತಲಿನ ಬೆಂಚಿನ ಮೇಲೆ ಕೂತೆವು. ರೊಟ್ಟಿ ಮುರಿದು, ಚಟ್ನಿಪುಡಿಗೆ ಎಣ್ಣೆ ಹಾಕಿ ಕಲಸಿ ಕೊಟ್ಟೆ. ಮೊದಲ ತುತ್ತಿಗೆ ಅವರ ಕಿವಿ ಕೆಂಪಾಯಿತು, ಎರಡನೆಯದಕ್ಕೆ ಕಣ್ಣಲ್ಲಿ ನೀರು ಬಂತು, ಮೂರನೆಯದಕ್ಕೆ ಇದು ಎಷ್ಟು ವರ್ಷ ಕೆಡದೆ ಇರುತ್ತದೆ ಎಂದು ಕೇಳಿದರು. ನಮ್ಮ ಮನೆಯಲ್ಲಿ ಅದನ್ನು ಪರೀಕ್ಷಿಸುವಷ್ಟು ಕಾಲ ಯಾರೂ ಉಳಿಸಿಲ್ಲ ಎಂದೆ. ಆ ದಿನದಿಂದ ಚಹಾದ ಹೊತ್ತಿಗೆ ಬೆಂಚಿನ ಮೇಲೆ ಇನ್ನೂ ಮೂವರು ಪಂಡಿತರು ಬಂದು ಕೂರತೊಡಗಿದರು. ಚಹಾದಲ್ಲಿ ರೊಟ್ಟಿ ಅದ್ದಿ ತಿನ್ನುವುದನ್ನು ಅವರು ಕಂಡುಹಿಡಿದರೆಂದು ಅವರಿಗೆ ಹೆಮ್ಮೆ. ಕಂಪ್ಲಿಯ ಎಲ್ಲ ಮಕ್ಕಳಿಗೂ ಅದು ಗೊತ್ತಿದೆ ಎಂದು ನಾನು ಹೇಳಲಿಲ್ಲ.

ಉದ್ದನೆಯ ಮೇಜು

ಕಡೆಗೂ ಕವಳಿ ಹೊರಬಂತು. ಕಿಟಕಿಯ ಪಕ್ಕದ ಉದ್ದ ಮೇಜಿನ ಮೇಲೆ ನನ್ನ ಸಂಡೂರು ಟೊಂಗೆಗಳನ್ನು ಹರಡಿಕೊಂಡು ಕೂತೆ. ಪೀಟರ್ಸನ್ ಸಾಹೇಬರು ದಪ್ಪ ಹೊದಿಕೆಯೊಂದನ್ನು ಎರಡು ಕೈಯಲ್ಲಿ ಹೊತ್ತು ತಂದು ನನ್ನ ಮುಂದಿಟ್ಟು, ಮೆಲ್ಲಗೆ ತೆರೆದು, ದೂರ ಸರಿದು ನಿಂತರು.

ನಾನು ಮೊದಲು ನೋಡಿದ್ದು ಚೀಟಿಯನ್ನು. ಕಂದು ಮಸಿಯಲ್ಲಿ, ಓರೆ ಇಂಗ್ಲಿಷ್ ಅಕ್ಷರದಲ್ಲಿ ಬಸಿರಿಹಾಳ ಎಂದಿತ್ತು. ಊರ ಹಿಂದಿನ ಕಲ್ಲು ಮರಡಿ, ಪೊದೆ, ಹಣ್ಣು ಕಪ್ಪು. ಇಷ್ಟು ಸಿಹಿ ಕವಳಿ ಬೇರೆಲ್ಲೂ ಇಲ್ಲವೆಂದು ಊರವರು ಹೇಳುತ್ತಾರೆ ಎಂದೂ ಆ ಅಧಿಕಾರಿ ಬರೆದಿದ್ದ. ನನಗೆ ನಗು ಬಂತು. ಅಂದರೆ ಈ ಜಂಬ ನಮ್ಮ ಅತ್ತೆಯದಷ್ಟೇ ಅಲ್ಲ, ಅವರ ಅಜ್ಜಿಯ ಅಜ್ಜಿಯೂ ಕುದುರೆ ಮೇಲೆ ಬಂದ ಸಾಹೇಬನನ್ನು ನಿಲ್ಲಿಸಿ ಇದನ್ನೇ ಹೇಳಿರಬೇಕು. ಹಾಳೆಯ ಮಡಿಕೆಯಲ್ಲಿ ಚಿಟಿಕೆಯಷ್ಟು ಕೆಂಪು ಮಣ್ಣಿತ್ತು. ನೀರಿಗೆ ಹೋಗದೆ ಉಳಿದ ಆ ಊರಿನ ಮಣ್ಣು ಅಷ್ಟೇ. ನಾನು ಅತ್ತೆಯ ತವರನ್ನು ಮೊದಲ ಸಲ ನೋಡಿದ್ದು ಹೀಗೆ.

ಆಮೇಲೆ ಟೊಂಗೆಯತ್ತ ಕಣ್ಣು ಹಾಯಿಸಿದೆ. ಭೂತಗನ್ನಡಿ ಬೇಕಾಗಲಿಲ್ಲ. ಪ್ರತಿ ಗಿಣ್ಣಿಗೂ ಜೋಡಿ ಮುಳ್ಳು, ನನ್ನ ಸಂಡೂರಿನದಕ್ಕಿಂತ ಒಂದು ಕೈ ಮೇಲೆ. ಒಂದಂತೂ ಹಾಳೆಯನ್ನು ತೂತು ಮಾಡಿ ಹಿಂದಕ್ಕೆ ಬಂದಿತ್ತು. ಮತ್ತೆ ಮತ್ತೆ ಚೀಟಿ ನೋಡಿದೆ, ಬೇರೆ ಊರಿನದೇನೋ ಎಂದು. ಅಲ್ಲ.

ಅಧ್ಯಾಯ ಹೋಯಿತು. ಆ ಬೇಸರ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ ಸಂಕಟವಾದದ್ದು ಸ್ಟೇಷನ್ನಿನಲ್ಲಿ ಅತ್ತೆ ಆಡಿದ ಮಾತು ನೆನೆದು. ಊರು ನೀರಿಗೆ ಹೋಯಿತು, ಮನೆ ಹೋಯಿತು, ಉಳಿದದ್ದು ಬಾಯಿಮಾತು. ಅದನ್ನೂ ನಾನೇ ಹೋಗಿ ಸುಳ್ಳು ಮಾಡಬೇಕೇ? ಬೇಕಾದದ್ದು ಸಿಕ್ಕಿತೇ ಎಂದು ಪೀಟರ್ಸನ್ ಸಾಹೇಬರು ಕೇಳಿದರು. ಊರು ಸಿಕ್ಕಿತು, ನಾನು ಬರೆದದ್ದು ಸಿಕ್ಕಲಿಲ್ಲ ಎಂದೆ. ಅವರು ಹಾಳೆಯ ಫೋಟೊ ತೆಗೆಸಿ ಕೊಟ್ಟರು. ನಾನು ಉಳಿದ ರೊಟ್ಟಿಯನ್ನು ಅವರಿಗೇ ಬಿಟ್ಟು ಬಂದೆ.

ಮತ್ತೆ ಕಂಪ್ಲಿ

ಹೊಸಪೇಟೆ ಸ್ಟೇಷನ್ನಿಗೆ ನಮ್ಮ ಮನೆಯವರು ಬಂದಿದ್ದರು. ಜೀಪಿನಲ್ಲಿ ವಿಷಯ ಹೇಳಿದೆ. "ಮುಳ್ಳಿಲ್ಲಂತ ಹೇಳಿಬಿಡು," ಎಂದರು ಕಮಲಾಪುರ ದಾಟಿದ ಮೇಲೆ. "ನಮ್ಮವ್ವ ಲಂಡನ್ನಿಗೆ ಹೋಗಿ ನೋಡತಾಳೇನು?" ನಾನು ಹೇಳಿಬಿಡೋಣವೆಂದೇ ನಿರ್ಧರಿಸಿದೆ. ಮನೆ ಮುಟ್ಟುವವರೆಗೆ ಆ ಸುಳ್ಳನ್ನು ಬಾಯಲ್ಲಿ ರೂಢಿ ಮಾಡಿಕೊಂಡೆ.

ಅತ್ತೆ ಪಡಸಾಲೆಯಲ್ಲಿ ಕಾದು ಕೂತಿದ್ದರು. ಕೈಕಾಲು ತೊಳೆಯಲೂ ಬಿಡಲಿಲ್ಲ. "ಎಲ್ಲೈತಿ, ತೋರಸು" ಎಂದರು. ಫೋಟೊ ಕೊಟ್ಟೆ. ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಇದರಾಗ ನಮ್ಮೂರ ಹೆಸರು ಯಾವುದು?" ಎಂದರು. ಬೆರಳಿಟ್ಟು ತೋರಿಸಿದೆ. ಅವರೂ ಅದರ ಮೇಲೆ ಬೆರಳಿಟ್ಟರು. ಎಷ್ಟೋ ಹೊತ್ತು ತೆಗೆಯಲಿಲ್ಲ. ಆ ಬೆರಳು ನೋಡುತ್ತಾ ಕೂತ ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಅತ್ತೀ, ಮುಳ್ಳದಾವ," ಎಂದೆ. "ಭಾಳ ಅದಾವ."

ನಮ್ಮ ಮನೆಯವರು ನನ್ನನ್ನು ದುರುಗುಟ್ಟಿ ನೋಡಿ, ಎದ್ದು ಮಿಲ್ಲಿನ ಕಡೆ ಹೊರಟುಹೋದರು. ಅತ್ತೆ ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದರು. ಟೊಂಗೆಯ ಬುಡದಿಂದ ತುದಿಯವರೆಗೆ ಒಂದೊಂದೇ ಮುಳ್ಳಿನ ಮೇಲೆ ಬೆರಳಾಡಿಸುತ್ತಾ ಹೋದರು. ಸಿಟ್ಟಾಗುತ್ತಾರೆ, ಇದು ನಮ್ಮೂರದ್ದಲ್ಲ ಎನ್ನುತ್ತಾರೆ ಎಂದು ಕಾದೆ.

"ಅದಾವಲ್ಲ," ಎಂದರು ಮೆಲ್ಲಗೆ. "ಖರೇನ ಅದಾವ. ನಾ ಒಂದು ದಿನಾನೂ ಕಂಟಿಗೆ ಕೈ ಹಾಕಿಲ್ಲ ನೋಡು. ನಮ್ಮವ್ವ ಬಿಡಿಸಿ ತಂದು ನನ್ನ ಉಡಿಯಾಗ ಹಾಕತಿದ್ದಳು."

ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು.

"ಆಕಿ ಕೈತುಂಬ ಯಾವಾಗ್ಲೂ ಗೀರು ಇರತಿದ್ವು. ಹೊಲದ ಕೆಲಸಕ್ಕ ಆಗ್ಯಾವಂತ ತಿಳಕೊಂಡಿದ್ದೆ."